ಹೊಳೆಗೆ ಇಳಿಯಬೇಡ ಎಂದವರು ಯಾರು?

ಕಳೆದ ವರ್ಷ ನಮ್ಮ ವಾಚನಾಲಯದ ಮಹಾಸಭೆಯಲ್ಲಿ ನಾನೊಂದು ಪ್ರಸ್ತಾಪ ಇಟ್ಟೆ. ವಾರ್ಷಿಕೋತ್ಸವದ ಪೆಂಡಾಲು, ಮೈಕು, ಊಟದ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಎರಡು ಸಣ್ಣ ದೋಣಿ, ಹತ್ತು ಲೈಫ್ ಜಾಕೆಟ್ ತೆಗೆದುಕೊಳ್ಳುವ. ಮಳೆಗಾಲ ಪೂರಾ ಕಳೆದ ಮೇಲೆ, ದಶಂಬರದಿಂದ ಮಾರ್ಚಿಯವರೆಗೆ, ಆದಿತ್ಯವಾರ ಬೆಳಗ್ಗೆ ನಮ್ಮ ಕಡವಿನಲ್ಲಿ ಮಕ್ಕಳಿಗೆ ಈಜು ಮತ್ತು ಹುಟ್ಟು ಹಾಕುವುದು ಕಲಿಸುವ ಎಂದೆ. ಸಭೆ ನಕ್ಕಿತು. "ಮಾಸ್ಟ್ರು ಮಗಳ ಮನೆಗೆ ಅಮೆರಿಕಕ್ಕೆ ಹೋಗಿ ಬಂದದ್ದಲ್ಲವಾ, ಅದರ ಗಾಳಿ ಇನ್ನೂ ಇಳಿಯಲಿಲ್ಲ" ಎಂದರು ಒಬ್ಬರು. ಅಷ್ಟರಲ್ಲಿ ಚಹಾ ಬಂತು. ವಿಷಯ ಅಲ್ಲಿಗೆ ಮುಗಿಯಿತು.

ನಕ್ಕದ್ದಕ್ಕೆ ನನಗೆ ಬೇಸರ ಇಲ್ಲ. ಆದರೆ ನಗುವಿನ ನಡುವೆ ಮೂರು ಮಾತು ಕೇಳಿಬಂತು. ಒಂದು, ಹೊಳೆ ಎಂದರೆ ಅಪಾಯ, ಮಕ್ಕಳನ್ನು ಅದರಿಂದ ದೂರ ಇಡುವುದೇ ಬುದ್ಧಿವಂತಿಕೆ. ಎರಡು, ದೋಣಿಯಾಟ ದುಡ್ಡಿದ್ದವರ ಮತ್ತು ಪ್ರವಾಸಿಗಳ ಶೋಕಿ, ನಮ್ಮಂಥವರಿಗೆ ಹೇಳಿದ್ದಲ್ಲ. ಮೂರು, ನಮ್ಮ ಹೊಳೆ ಈಗ ಹೊಳೆಯಾಗಿ ಉಳಿದೇ ಇಲ್ಲ, ಅಲ್ಲಿ ದೋಣಿ ಬಿಡುವುದು ಎಂತಕ್ಕೆ? ಈ ಮೂರು ಮಾತೂ ತಪ್ಪು ಎಂದು ತೋರಿಸುವುದಕ್ಕೇ ಈ ಲೇಖನ ಬರೆದದ್ದು. ಸಭೆಯಲ್ಲಿ ಐದು ನಿಮಿಷವೂ ಸಿಗಲಿಲ್ಲ, ಇಲ್ಲಿ ಪುಟ ಸಿಕ್ಕಿದೆ.

ಮೊದಲ ಮಾತು. ಹೊಳೆ ಅಪಾಯ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಶಾಲೆಯಲ್ಲಿದ್ದಾಗ ನನ್ನ ಆರನೇ ಕ್ಲಾಸಿನ ಹುಡುಗನೊಬ್ಬ ಏಪ್ರಿಲ್ ತಿಂಗಳಲ್ಲಿ, ಮದುವೆ ಮನೆಗೆ ಬಂದ ಮಕ್ಕಳ ಜೊತೆ ಸ್ನಾನಕ್ಕೆ ಹೋಗಿ, ಹೊಯ್ಗೆ ತೆಗೆದ ಗುಂಡಿಯಲ್ಲಿ ಮುಳುಗಿ ತೀರಿಕೊಂಡ. ಮೊಣಕಾಲುದ್ದದ ನೀರು, ಎರಡು ಹೆಜ್ಜೆ ಆಚೆ ಇಟ್ಟರೆ ಆಳು ಮುಳುಗುವ ಗುಂಡಿ. ದಡದಲ್ಲಿ ನಾಲ್ಕು ಮಕ್ಕಳು ನಿಂತಿದ್ದರು. ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಮೈಮೇಲಿನ ಒಂದು ಬೈರಾಸು ಬಿಚ್ಚಿ ಎಸೆದಿದ್ದರೆ ಅವನ ಕೈಗೆ ಸಿಗುತ್ತಿತ್ತು. ಹಾಗೆ ಎಸೆಯಬೇಕು ಎಂದು ಆ ಮಕ್ಕಳಿಗೆ ಯಾರು ಹೇಳಿಕೊಟ್ಟಿದ್ದರು? ನಾವಂತೂ ಹೇಳಿಕೊಟ್ಟಿರಲಿಲ್ಲ. ಅವರಿಗೆ ಗಂಗಾ ನದಿಯ ಉಪನದಿಗಳ ಹೆಸರು ಬಾಯಿಪಾಠ ಬರುತ್ತಿತ್ತು.

ಆಮೇಲೆ ನಾವು ಮಾಡಿದ್ದೇನು? ಸಂತಾಪ ಸಭೆ ಮಾಡಿದೆವು. ಅರ್ಧ ದಿನ ರಜೆ ಕೊಟ್ಟೆವು. ರಕ್ಷಕರ ಸಭೆ ಕರೆದು, ಯಾವ ಮಗುವೂ ಹೊಳೆಗೆ ಇಳಿಯಕೂಡದು ಎಂದು ತೀರ್ಮಾನ ಬರೆದೆವು. ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದವನು ನಾನೇ. ಆ ಅಕ್ಷರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ. ಬರೆದು ಕೈ ತೊಳೆದುಕೊಂಡೆವು. ಹೊಳೆ ಅಲ್ಲೇ ಇತ್ತು, ಗುಂಡಿ ಅಲ್ಲೇ ಇತ್ತು, ಸೆಕೆಗಾಲದಲ್ಲಿ ನೀರು ಕಂಡರೆ ಮಕ್ಕಳಿಗೆ ಆಗುವ ಆಸೆಯೂ ಅಲ್ಲೇ ಇತ್ತು. ಇಲ್ಲದೆ ಹೋದದ್ದು ಈಜು ಒಂದೇ. ಮಕ್ಕಳು ನಮಗೆ ಗೊತ್ತಾಗದ ಹಾಗೆ ಹೋಗಲು ಕಲಿತರು, ಅಷ್ಟೇ. ದೊಡ್ಡವರ ಕಣ್ಣಿನ ಮುಂದೆ ಇಳಿಯುತ್ತಿದ್ದವರನ್ನು ದೊಡ್ಡವರಿಲ್ಲದ ಜಾಗಕ್ಕೆ ಕಳಿಸಿದ್ದು ನಮ್ಮ ಬೋರ್ಡು.

ನಮ್ಮ ಪ್ರಾಯದವರು ಹೇಗೆ ಕಲಿತದ್ದೆಂದು ನೆನಪಿದೆಯಲ್ಲವಾ? ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಅದರ ಸಿಪ್ಪೆಯಿಂದಲೇ ಒಂದಕ್ಕೊಂದು ಕಟ್ಟಿ, ನಡುವೆ ಎದೆಯಿಟ್ಟು ಕಾಲು ಬಡಿಯುವುದು. ಬಾಳೆದಂಡಿನ ತೆಪ್ಪ. ಅಪ್ಪನೋ ಮಾವನೋ ಸೊಂಟ ಹಿಡಿದುಕೊಂಡು, ನಮಗೆ ತಿಳಿಯದ ಹಾಗೆ ಕೈ ಬಿಡುತ್ತಿದ್ದದ್ದು. ಕಡವಿನ ದೋಣಿಯವನು ಮಕ್ಕಳಿಗೆ ಜಲ್ಲೆ ಕೊಟ್ಟು ಒತ್ತಿಸುತ್ತಿದ್ದ. ಎಲ್ಲಿ ಕಯ ಉಂಟು, ಎಲ್ಲಿ ಸೆಳೆತ ಉಂಟು ಎಂದು ಅವನಿಗೆ ಗೊತ್ತಿತ್ತು, ನಮಗೂ ಗೊತ್ತಾಗುತ್ತಿತ್ತು. ಸಂಕ ಆಯಿತು, ದೋಣಿ ನಿಂತಿತು. ಸಂಕ ಬೇಕಿತ್ತು, ಸಂಶಯವಿಲ್ಲ. ಹೆರಿಗೆಗೆ ಹೊರಟವರು ನೆರೆ ಬಂದಾಗ ಈಚೆ ದಡದಲ್ಲಿ ಕೂತದ್ದನ್ನು ಕಂಡವನು ನಾನು. ಆದರೆ ದೋಣಿಯ ಜೊತೆಗೆ ಹೊಳೆಯ ತಿಳುವಳಿಕೆಯೂ ಹೋಯಿತು. ಅದರ ಬದಲು ಏನು ಕೊಟ್ಟೆವು? ಬೋರ್ಡು.

ಕೆಲವರು ತಟ್ಟೇಕಾಡಿನ ಹೆಸರೆತ್ತಿದರು. 2007ರ ಫೆಬ್ರವರಿಯಲ್ಲಿ ಪೆರಿಯಾರಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, 3 ಅಧ್ಯಾಪಕರು ತೀರಿಕೊಂಡರು. 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ 22 ಜನ. ಎರಡೂ ಕಡೆ ದೋಣಿಗೆ ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿಸಿದ್ದರು. ಇದರಿಂದ ಕಲಿಯಬೇಕಾದ ಪಾಠ ದೋಣಿಗೆ ಎಷ್ಟು ಜನ, ಮೈಮೇಲೆ ಜಾಕೆಟ್ ಉಂಟೋ ಇಲ್ಲವೋ ಎಂದು ಕೇಳುವುದು. "ನಾನು ಹತ್ತುವುದಿಲ್ಲ" ಎಂದು ಹೇಳುವ ಧೈರ್ಯ ಮಕ್ಕಳಿಗೆ ಎಲ್ಲಿಂದ ಬರಬೇಕು? ಒಮ್ಮೆಯಾದರೂ ಸಣ್ಣ ದೋಣಿಯಲ್ಲಿ ಕೂತು, ಒಂದು ಬದಿಗೆ ಭಾರ ಬಿದ್ದರೆ ಏನಾಗುತ್ತದೆ ಎಂದು ನೋಡಿದ ಮಗುವಿಗೆ ಅದು ಬರುತ್ತದೆ. ದೋಣಿಯನ್ನೇ ಕಾಣದ ಮಗು ದೊಡ್ಡವರು ಹತ್ತು ಎಂದರೆ ಹತ್ತುತ್ತದೆ.

ಈಗ ನನ್ನ ಅಮೆರಿಕದ ಗಾಳಿಯ ವಿಷಯ. ಮಗಳು ಇರುವುದು ಸಿಯಾಟಲ್ ಎಂಬ ಊರಿನಲ್ಲಿ. ಒಂದು ಕಡೆ ಕಡಲ ಕೊಲ್ಲಿ, ಇನ್ನೊಂದು ಕಡೆ ವಾಷಿಂಗ್ಟನ್ ಸರೋವರ, ಊರ ನಡುವೆ ಯೂನಿಯನ್ ಸರೋವರ, ದಕ್ಷಿಣಕ್ಕೆ ಡುವಾಮಿಶ್ ಎಂಬ ಹೊಳೆ. ಸರೋವರವನ್ನೂ ಕಡಲನ್ನೂ ಜೋಡಿಸುವ ಸುಮಾರು 13 ಕಿಲೋಮೀಟರ್ ಉದ್ದದ ಕಾಲುವೆ ಉಂಟು. ಸರೋವರದ ನೀರು ಕಡಲಿಗಿಂತ ಸರಾಸರಿ 20 ಅಡಿ ಮೇಲೆ. ಹಾಗಾಗಿ ಕಾಲುವೆಯ ಬಾಯಲ್ಲಿ ಲಾಕ್ ಎಂಬ ಏರ್ಪಾಡು ಮಾಡಿದ್ದಾರೆ, 1917ರಲ್ಲಿ ಆದದ್ದು. ಲಾಕ್ ಅಂದರೆ ಎರಡು ತುದಿಗೂ ಬಾಗಿಲಿರುವ ಕಾಂಕ್ರೀಟಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ನೀರು ತನ್ನ ಭಾರಕ್ಕೇ ಹೊರಗೆ ಹರಿಯುತ್ತದೆ, ಪಂಪು ಬೇಡ. ತೊಟ್ಟಿಯ ನೀರು ಕಡಲಿನ ಮಟ್ಟಕ್ಕೆ ಇಳಿದಾಗ ಮುಂದಿನ ಬಾಗಿಲು ತೆರೆಯುತ್ತಾರೆ. ಮೇಲೆ ಹೋಗುವವರಿಗೆ ಇದೇ ಕೆಲಸ ತಿರುಗಾಮುರುಗಾ.

ದೊಡ್ಡ ತೊಟ್ಟಿ 825 ಅಡಿ ಉದ್ದ, ಹಡಗು ಹಿಡಿಸುವಷ್ಟು. ಸಣ್ಣದು 150 ಅಡಿ. ಆ ಸಣ್ಣದರಲ್ಲಿ ಮಗಳೂ ನಾನೂ ಎರಡಾಳಿನ ಕಯಾಕಿನಲ್ಲಿ ಇಳಿದೆವು. ಕಯಾಕ್ ಎಂದರೆ ಕಾಲು ಮುಂದೆ ಚಾಚಿ ಕೂತು, ಎರಡೂ ತುದಿಗೆ ಎಲೆಯಿರುವ ಹುಟ್ಟಿನಿಂದ ಎಡಕ್ಕೂ ಬಲಕ್ಕೂ ನೀರು ಎಳೆಯುವ ಕಿರಿದಾದ ದೋಣಿ. ಪಕ್ಕದಲ್ಲಿ ಮೀನಿನ ಬೋಟು, ಎದುರು ಯಾರದೋ ಭಾರೀ ಯಾಂತ್ರಿಕ ದೋಣಿ, ನಡುವೆ ನಮ್ಮದು ಅಡಿಕೆ ಹಾಳೆಯಷ್ಟು. ಕೆಂಪು ದೀಪಕ್ಕೆ ಕಾದೆವು, ಹಸಿರಿಗೆ ಹೋದೆವು. ಲೈಫ್ ಜಾಕೆಟ್ ಹಾಕಿಯೇ ಇರಬೇಕು. ಕೆಲಸದವರು ಹೇಳಿದ ಜಾಗದಲ್ಲಿ ಗೋಡೆ ಹಿಡಿದುಕೊಂಡು ನಿಂತೆವು. ಶುಲ್ಕ ಒಂದು ಕಾಸು ಇಲ್ಲ. ಹಡಗಿಗೂ ಇಲ್ಲ, ನಮಗೂ ಇಲ್ಲ. ಲಕ್ಷಾಂತರ ರೂಪಾಯಿಯ ದೋಣಿಗೆ ತೆರೆದ ಬಾಗಿಲೇ ಕಾಸರಗೋಡಿನ ನಿವೃತ್ತ ಮಾಸ್ತರನಿಗೂ ತೆರೆಯಿತು.

ಅಲ್ಲಿ ಇನ್ನೊಂದು ನೋಡಿದೆ. ಬಾಗಿಲು ತೆರೆದಾಗಲೆಲ್ಲ ಉಪ್ಪುನೀರು ಕೆಳಗಿನಿಂದ ನುಸುಳಿ ಸರೋವರದ ಕಡೆ ಹೋಗುತ್ತದೆ. ಉಪ್ಪುನೀರಿಗೆ ಭಾರ ಹೆಚ್ಚು, ಅದು ತಳದಲ್ಲಿ ಹರಿಯುತ್ತದೆ. ಅದನ್ನು ತಡೆಯಲು ತೊಟ್ಟಿಯ ತಳದಲ್ಲಿ ಒಂದು ತಡೆಗೋಡೆ, ಬಂದ ಉಪ್ಪನ್ನು ವಾಪಸು ಕಡಲಿಗೆ ಕಳಿಸಲು ಒಂದು ಕೊಳವೆ. ಇದು ನಮಗೆ ಹೊಸತೇ? ಚಂದ್ರಗಿರಿ ಹೊಳೆಯಲ್ಲಿ ಬೇಸಗೆಗೆ ಉಪ್ಪು ಮೇಲೇರಿ ಕಾಸರಗೋಡು ಪೇಟೆಯ ನಳ್ಳಿ ನೀರು ಬಾಯಿಗೆ ಇಡಲಾಗದ ವರ್ಷಗಳನ್ನು ನಾವು ಕಂಡಿದ್ದೇವೆ. ಬಾವಿಕ್ಕರದಲ್ಲಿ ಮರಳಿನ ಚೀಲದ ಕಟ್ಟ ಹಾಕಿ ಹಾಕಿ ಸಾಕಾದ ಕತೆ ಎಲ್ಲರಿಗೂ ಗೊತ್ತು. ಏತಡ್ಕದ ಕಡೆಯ ಕೃಷಿಕರು ವರ್ಷಾ ವರ್ಷ ಕಟ್ಟ ಕಟ್ಟಿ ತೋಟಕ್ಕೆ ನೀರು ಉಳಿಸಿಕೊಂಡವರು. ನೀರನ್ನು ನಿಲ್ಲಿಸುವ, ಬಿಡುವ ವಿದ್ಯೆ ನಮ್ಮ ಮನೆಯದೇ. ಮಕ್ಕಳನ್ನು ದೋಣಿಯಲ್ಲಿ ಕೂರಿಸಿ ಕಟ್ಟದ ಮೇಲಿನ ನೀರನ್ನೂ ಕೆಳಗಿನ ನೀರನ್ನೂ ನಾಲಗೆಗೆ ಮುಟ್ಟಿಸಿದರೆ, ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಯಾವ ಪುಸ್ತಕದಲ್ಲಿದೆ ಎಂದು ಅಧ್ಯಾಪಕ ಮಿತ್ರರು ಹೇಳಬೇಕು.

ಎರಡನೇ ಮಾತು, ಇದು ಶ್ರೀಮಂತರ ಶೋಕಿ ಎಂಬುದು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿನಲ್ಲಿ ಎಂಟು ಹುಟ್ಟಿನ ದೋಣಿಯ ಚಿನ್ನದ ಪದಕ ಗೆದ್ದವರು ಇದೇ ಸಿಯಾಟಲ್‌ನ ವಿಶ್ವವಿದ್ಯಾಲಯದ ಹುಡುಗರು. ಹಿಟ್ಲರ್ ಅಲ್ಲೇ ಕೂತು ನೋಡುತ್ತಿದ್ದ. ಆ ಹುಡುಗರಲ್ಲಿ ಹೆಚ್ಚಿನವರು ಮರ ಕಡಿಯುವವರ, ಬೇಸಾಯದವರ, ಕೂಲಿಯವರ ಮಕ್ಕಳು. ಜೋ ರಾಂಟ್ಸ್ ಎಂಬವನನ್ನಂತೂ ಮನೆಯವರು ಬಿಟ್ಟುಹೋಗಿ, ಅವನು ಹುಡುಗಪ್ರಾಯದಲ್ಲೇ ಒಬ್ಬನೇ ದುಡಿದು ಬದುಕಿದವನು. ಅವರು ಅಭ್ಯಾಸ ಮಾಡಿದ್ದು ನಾನು ಹೇಳಿದ ಆ ಕಾಲುವೆ, ಆ ಸರೋವರದಲ್ಲಿ. ಇವತ್ತಿಗೂ ಅಲ್ಲಿಯ ನಗರಸಭೆಯೇ ಗ್ರೀನ್ ಲೇಕ್ ಎಂಬ ಸಣ್ಣ ಕೆರೆಯ ದಡದಲ್ಲಿ ದೋಣಿಮನೆ ಇಟ್ಟುಕೊಂಡು ಮಕ್ಕಳಿಗೆ ಹುಟ್ಟು ಹಾಕುವುದು ಕಲಿಸುತ್ತದೆ. ಫೀಸು ಕೊಡಲಾರದ ಮನೆಯವರಿಗೆ ರಿಯಾಯಿತಿ ಉಂಟು.

ಅಷ್ಟು ದೂರ ಹೋಗುವುದು ಬೇಡ. ನಮ್ಮಲ್ಲಿ ಹುಟ್ಟು ಹಿಡಿದವರು ಯಾರು? ಕಡವಿನವರು, ಮೊಗವೀರರು, ಹೊಯ್ಗೆ, ತೆಂಗಿನಕಾಯಿ ಸಾಗಿಸಿದವರು. ಆಲಪ್ಪುಳದಲ್ಲಿ 1952ರಿಂದ ನೆಹರೂ ಟ್ರೋಫಿಗೆ ಹುಟ್ಟು ಹಾಕುವವರು ಬಂಗಲೆಯವರಲ್ಲ, ಊರಿನವರು ಪಾಲು ಹಾಕಿ ಕಟ್ಟಿಸಿದ ಹಾವುದೋಣಿಗಳಲ್ಲಿ ಊರಿನವರೇ. ನಮ್ಮದೇ ಜಿಲ್ಲೆಯ ತೆಂಕು ತುದಿಯಲ್ಲಿ, ತೇಜಸ್ವಿನಿ ಹೊಳೆಯಲ್ಲಿ, ಮಲಯಾಳಿ ನೆರೆಕರೆಯವರು ಸ್ಪರ್ಧೆ ನಡೆಸುವಾಗ ದಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೋಣಿ ಬಡವನ ಕಸುಬಾಗಿದ್ದಾಗ ನಮಗೆ ಅದು ಕೀಳಾಗಿ ಕಂಡಿತು. ಈಗ ರಿಸಾರ್ಟಿನವರು ಅದಕ್ಕೆ ಬಣ್ಣ ಬಳಿದು ಗಂಟೆಗೆ ಇಷ್ಟು ಎಂದು ರೇಟು ಹಾಕಿದ ಮೇಲೆ ನಮಗೆ ಅದು ಎಟುಕದ ಶೋಕಿಯಾಗಿ ಕಾಣುತ್ತದೆ. ಎರಡೂ ಸಲ ಹೊಳೆ ಬಿಟ್ಟುಕೊಟ್ಟವರು ನಾವೇ. ಹಿನ್ನೀರಿಗೆ ಬರುವ ಪ್ರವಾಸಿಯ ಮಗುವಿಗೆ ಕಯಾಕ್, ಅದೇ ದಡದಲ್ಲಿ ಹುಟ್ಟಿದ ಮಗುವಿಗೆ "ಇಳಿಯಬಾರದು" ಎಂಬ ಬೋರ್ಡು. ಇದರಲ್ಲಿ ಅನ್ಯಾಯ ಕಾಣದವರಿಗೆ ನಾನು ಹೆಚ್ಚೇನು ಹೇಳಲಿ?

ಮೂರನೇ ಮಾತು ಸ್ವಲ್ಪ ಗಟ್ಟಿಯದು. ಹೊಳೆ ಕೆಟ್ಟಿದೆ, ನಿಜ. ಸಂಕದ ಮೇಲಿಂದ ಚೀಲ ಎಸೆಯುತ್ತಾರೆ, ಕೋಳಿ ಅಂಗಡಿಯ ಕಸ, ಡಯಪರು, ಬಾಟ್ಲಿ. ಮಾರ್ಚಿಯಲ್ಲೇ ಕೆಲವು ಕಡೆ ಬಂಡೆ ಕಾಣುತ್ತದೆ. ಅದಕ್ಕೇ ದೋಣಿ ಬೇಡ ಎನ್ನುತ್ತಾರೆ. ನಾನು ಹೇಳುವುದು ತಿರುಗಾ: ನಾವು ನೀರಿಗೆ ಇಳಿಯದ್ದರಿಂದಲೇ ಅದು ಕೆಟ್ಟದ್ದು. ದಿನಾ ಮೀಯುವ ಕಡವಿಗೆ ಯಾರೂ ಕಸ ಹಾಕುತ್ತಿರಲಿಲ್ಲ. ಹಾಕಿದರೆ ಹತ್ತು ಬಾಯಿ ಕೇಳುತ್ತಿತ್ತು. ಸಂಕದ ಮೇಲಿಂದ ನೋಡಿದರೆ ಹೊಳೆ ಚಂದವೇ ಕಾಣುತ್ತದೆ. ನೀರಿನ ಮಟ್ಟದಲ್ಲಿ ಕೂತವನ ಮೂಗಿಗೆ ಸತ್ಯ ಬಡಿಯುತ್ತದೆ.

ಸಿಯಾಟಲ್‌ನ ಸರೋವರವೂ ಕೆಟ್ಟಿತ್ತು. ಸುತ್ತಲಿನ ಊರುಗಳ ಹೊಲಸು ನೀರು ಅದಕ್ಕೇ ಬಿಡುತ್ತಿದ್ದರು. 1955ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ವಿಜ್ಞಾನಿ ಎಡ್ಮಂಡ್ಸನ್ ತಂಡದವರು ಒಂದು ಜಾತಿಯ ಪಾಚಿ ಕಂಡು, ಇದು ಕೊಳೆಯುವ ಸರೋವರದ ಲಕ್ಷಣ ಎಂದು ಎಚ್ಚರಿಸಿದರು. ಕೊಳಚೆಯನ್ನು ಬೇರೆ ಕಡೆ ತಿರುಗಿಸಲು ಎಲ್ಲ ಊರುಗಳೂ ಸೇರಿ ಒಂದು ಸಂಸ್ಥೆ ಮಾಡಬೇಕು, ಜನ ತೆರಿಗೆ ಕೊಡಬೇಕು. 1958ರ ಮಾರ್ಚಿಯಲ್ಲಿ ಮತಕ್ಕೆ ಹಾಕಿದಾಗ ಪ್ರಸ್ತಾಪ ಬಿದ್ದುಹೋಯಿತು. ಅವರು ನಮ್ಮ ಹಾಗೆ ಚಹಾ ಕುಡಿದು ಎದ್ದು ಹೋಗಲಿಲ್ಲ. ಮನೆಮನೆಗೆ ಹೋದರು, ಅದೇ ವರ್ಷ ಸೆಪ್ಟೆಂಬರಿನಲ್ಲಿ ತಿರುಗಿ ಮತಕ್ಕೆ ಹಾಕಿ ಗೆಲ್ಲಿಸಿದರು. 1963ರಿಂದ 1968ರ ಒಳಗೆ ಕೊಳಚೆ ಪೂರಾ ತಿರುಗಿಸಿದರು. 1964ರಲ್ಲಿ ಎರಡೂವರೆ ಅಡಿ ಆಳ ಮಾತ್ರ ಕಾಣುತ್ತಿದ್ದ ನೀರು 1968ಕ್ಕೆ 10 ಅಡಿ ಆಳಕ್ಕೆ ಕಾಣತೊಡಗಿತು. ಮಕ್ಕಳು ಈಜುವ ನೀರಿಗಾಗಿ ಜನ ಕೈಯಿಂದ ದುಡ್ಡು ಬಿಚ್ಚಿದರು. ಯಾರೂ ಮುಟ್ಟದ ನೀರಿಗೆ ಯಾರು ಬಿಚ್ಚುತ್ತಾರೆ?

ಅಲ್ಲಿ ನನಗೆ ಎಲ್ಲಕ್ಕಿಂತ ಹೊಟ್ಟೆಕಿಚ್ಚು ಆದದ್ದು ಇನ್ನೊಂದು ಸಂಗತಿಗೆ. ನೀರಿನವರೆಗೆ ಹೋಗಿ ನಿಲ್ಲುವ ಸಾರ್ವಜನಿಕ ರಸ್ತೆಗಳ ತುದಿಗಳು ಆ ಊರಿನಲ್ಲಿ 140ಕ್ಕೂ ಹೆಚ್ಚು. ಪಕ್ಕದ ಮನೆಯವರು ಬೇಲಿ ಹಾಕಿ, ಗಿಡ ನೆಟ್ಟು, ಕಾರು ನಿಲ್ಲಿಸಿ ಅವನ್ನು ತಮ್ಮದು ಮಾಡಿಕೊಂಡಿದ್ದರು. 1996ರಲ್ಲಿ ನಗರಸಭೆ ಅವುಗಳ ಪಟ್ಟಿ ಮಾಡಿ, ಇದು ಜನರು ನೀರಿಗೆ ಇಳಿಯುವ ದಾರಿ ಎಂದು ತೀರ್ಮಾನ ಮಾಡಿತು. ಖಾಸಗಿಯಾಗಿ ಬಳಸುವವರಿಂದ ಶುಲ್ಕ ವಸೂಲು ಮಾಡಿ ಆ ದುಡ್ಡನ್ನು ಈ ತುದಿಗಳನ್ನು ಸರಿಪಡಿಸಲು ಹಾಕುವ ನಿಯಮವೂ ಆಯಿತು. ಕೆಲವು ತುದಿಯಲ್ಲಿ ಒಂದು ಬೆಂಚು, ನಾಲ್ಕು ಮೆಟ್ಟಿಲು, ಅಷ್ಟೇ. ಸಾಕು. ಕಯಾಕ್ ಇಳಿಸಲು ಅಷ್ಟೇ ಬೇಕಾದ್ದು.

ನಮ್ಮ ಕಡವಿನ ದಾರಿ ಈಗ ಎಷ್ಟು ಅಗಲ ಇದೆ, ಯಾರಾದರೂ ಅಳೆದಿದ್ದೀರಾ? ಮೊದಲು ಎರಡು ಎತ್ತಿನ ಗಾಡಿ ಎದುರುಬದುರು ಹೋಗುತ್ತಿತ್ತು. ಈಗ ಒಂದು ಬದಿ ಮುರಕಲ್ಲಿನ ಗೋಡೆ, ಇನ್ನೊಂದು ಬದಿ ಬೇಲಿ. ಎರಡೂ ವರ್ಷಕ್ಕೊಂದಂಗುಲ ಹತ್ತಿರ ಬರುತ್ತಿವೆ. ಗೋಡೆಯವರೂ ಬೇಲಿಯವರೂ ನಮ್ಮವರೇ, ಈ ಪುಸ್ತಕ ಓದುವವರೇ; ಮನಸ್ಸಿಗೆ ಬೇಸರ ಮಾಡಿಕೊಳ್ಳಬಾರದು. ಯಾರೂ ನಡೆಯದ ದಾರಿಯನ್ನು ಮಣ್ಣೂ ತಿನ್ನುತ್ತದೆ, ಮನುಷ್ಯನೂ ತಿನ್ನುತ್ತಾನೆ. ವಾರಕ್ಕೊಮ್ಮೆ ಇಪ್ಪತ್ತು ಮಕ್ಕಳು ದೋಣಿ ಹೊತ್ತುಕೊಂಡು ಹೋದರೆ ಬೇಲಿ ತಾನಾಗಿ ಹಿಂದೆ ಸರಿಯುತ್ತದೆ. ದಾವೆ ಹೂಡಬೇಕಾಗಿಲ್ಲ.

ಆ ಊರು ಸ್ವರ್ಗ ಎಂದು ನಾನು ಹೇಳುವುದಿಲ್ಲ. ಡುವಾಮಿಶ್ ಹೊಳೆಯ ಕೊನೆಯ 8 ಕಿಲೋಮೀಟರು ಕಾರ್ಖಾನೆಗಳ ವಿಷದಿಂದ ಹಾಳಾಗಿ, 2001ರಲ್ಲಿ ಅಮೆರಿಕ ಸರಕಾರದ ಅತಿ ಕಲುಷಿತ ಜಾಗಗಳ ಪಟ್ಟಿಗೆ ಸೇರಿತು. ಅಲ್ಲೇ ಬೆಳೆಯುವ ಮೀನು ತಿನ್ನಬೇಡಿ ಎಂದು ಹಲವು ಭಾಷೆಯಲ್ಲಿ ಬರೆದು ಹಾಕಿದ್ದಾರೆ. ಕಾಲುವೆ ತೋಡಿದ್ದರಿಂದ 1916ರಲ್ಲಿ ವಾಷಿಂಗ್ಟನ್ ಸರೋವರ ಸುಮಾರು 9 ಅಡಿ ಇಳಿದು, ಅದರಿಂದ ಹೊರಡುತ್ತಿದ್ದ ಬ್ಲ್ಯಾಕ್ ರಿವರ್ ಎಂಬ ಹೊಳೆ ಒಣಗಿಹೋಯಿತು. ಆ ಹೊಳೆಯ ದಡದಲ್ಲಿದ್ದವರು ಡುವಾಮಿಶ್ ಎಂಬ ಮೂಲನಿವಾಸಿಗಳು. ಅವರನ್ನು ಯಾರೂ ಕೇಳಲಿಲ್ಲ. ಕೋವಳದಿಂದ ಬೇಕಲದವರೆಗೆ 616 ಕಿಲೋಮೀಟರು ಜಲಮಾರ್ಗ ಎಂಬ ಯೋಜನೆಯ ಮಾತು ಬರುವಾಗಲೆಲ್ಲ ನನಗೆ ಆ ಒಣಗಿದ ಹೊಳೆ ನೆನಪಾಗುತ್ತದೆ. ಯಾರ ದೋಣಿಗೆ ದಾರಿ, ಯಾರ ಬಾವಿಗೆ ಉಪ್ಪು ಎಂದು ಕೇಳುವ ಜನ ದಡದಲ್ಲಿ ಇರಬೇಕು. ಹೊಳೆಯನ್ನೇ ಅರಿಯದವರು ಏನೆಂದು ಕೇಳುವುದು?

ಈಗ ನನ್ನ ಬೇಡಿಕೆ ಪುನಃ ಹೇಳುತ್ತೇನೆ, ಈ ಸಲ ನಗುವವರು ಪೂರಾ ಕೇಳಿ ನಗಲಿ. ಮಳೆಗಾಲದಲ್ಲಿ ಯಾರೂ ಇಳಿಯಬಾರದು. ಆಟಿ ತಿಂಗಳ ಹೊಳೆಯ ಎದುರು ಗಂಡಸುತನ ತೋರಿಸಬೇಕಾಗಿಲ್ಲ. ದಶಂಬರದಲ್ಲಿ ನೀರು ತಿಳಿಯಾದ ಮೇಲೆ, ಊರಿನ ಹಿರಿಯ ಈಜುಗಾರರು ನಾಲ್ಕು ಜನ ಕಡವಿನಿಂದ ಮೇಲೆ ಕೆಳಗೆ ನಡೆದು ಗುಂಡಿಗಳನ್ನು ಬಿದಿರಿನ ಗೂಟ ಹಾಕಿ ಗುರುತು ಮಾಡಬೇಕು. ಮೊದಲು ಈಜು, ಆಮೇಲೆ ದೋಣಿ. ಜಾಕೆಟ್ ಇಲ್ಲದೆ ದೋಣಿಗೆ ಕಾಲಿಡಬಾರದು, ಕಲಿಸುವವನೂ. ಸಿಯಾಟಲ್ ಇರುವ ರಾಜ್ಯದಲ್ಲಿ ಸಣ್ಣ ದೋಣಿಯಲ್ಲಿ 12 ವರ್ಷದೊಳಗಿನ ಮಗು ಜಾಕೆಟ್ ತೊಟ್ಟಿರಲೇಬೇಕೆಂದು ಕಾನೂನೇ ಉಂಟು. ನಾವು ನಮ್ಮ ಕಡವಿನಲ್ಲಿ ಎಲ್ಲ ಪ್ರಾಯದವರಿಗೂ ಅದನ್ನು ಹಾಕಿಕೊಳ್ಳುವ. ಹುಡುಗಿಯರಿಗೂ ಕಲಿಸಬೇಕು, ಬಟ್ಟೆ ಒಗೆಯಲು ಹೊಳೆಗೆ ಹೋಗುವವರು ಹೆಂಗಸರೇ, ಈಜು ಬಾರದವರೂ ಹೆಂಗಸರೇ. ಮುಳುಗುವವನ ಹತ್ತಿರ ಹಾರಬಾರದು, ಬೈರಾಸೋ ಹಗ್ಗವೋ ಕೋಲೋ ಚಾಚಬೇಕು ಎಂಬುದನ್ನು ಶಾಲೆಯ ಅಸೆಂಬ್ಲಿಯಲ್ಲಿ ತಿಂಗಳಿಗೊಮ್ಮೆ ಮಾಡಿ ತೋರಿಸಬೇಕು. ಇದಕ್ಕೆ ಸರಕಾರದ ಆದೇಶ ಬೇಡ, ಒಂದು ಹಗ್ಗ ಸಾಕು.

ಖರ್ಚಿನ ಮಾತು ಬರುತ್ತದೆ. ಪೆಂಡಾಲಿನ ಬಿಲ್ಲು ಎಷ್ಟಾಯಿತೆಂದು ಕಾರ್ಯದರ್ಶಿಯವರ ಹತ್ತಿರ ಕೇಳಿ. ಒಂದು ರಾತ್ರಿಯ ಬೆಳಕಿಗೆ ಹಾಕಿದ ದುಡ್ಡು ಅದು.

ಅಧ್ಯಾಪಕ ಮಿತ್ರರಿಗೆ ಕೊನೆಗೊಂದು ಮಾತು. ಅನಾಹುತ ಆದರೆ ಜವಾಬ್ದಾರಿ ಯಾರದು ಎಂದು ನೀವು ಕೇಳುತ್ತೀರಿ, ನಾನೂ ಕೇಳುತ್ತಿದ್ದೆ. ಆ ಹುಡುಗನ ತಾಯಿ ಇಂದಿಗೂ ನನ್ನನ್ನು ದಾರಿಯಲ್ಲಿ ಕಂಡರೆ "ಮಾಸ್ಟ್ರೇ, ಸೌಖ್ಯವಾ?" ಎಂದು ಕೇಳುತ್ತಾರೆ. ಒಂದು ದಿನವೂ ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು. ಐದು ವರ್ಷ ಅವನು ನಮ್ಮ ಶಾಲೆಯಲ್ಲಿದ್ದ. ಹೊಳೆ ಎರಡು ಫರ್ಲಾಂಗು. ಕಲಿಸಲು ಹತ್ತು ಆದಿತ್ಯವಾರ ಸಾಕಿತ್ತು.

ಈ ವರ್ಷದ ಮಹಾಸಭೆಯಲ್ಲಿ ಅದೇ ಪ್ರಸ್ತಾಪ ಪುನಃ ಇಡುತ್ತೇನೆ. ಚಹಾ ಬರುವ ಮೊದಲೇ ಇಡುತ್ತೇನೆ.